ಅತ್ತೆಯ ಮೂರು ದಾರ

ನಮ್ಮ ಅತ್ತೆ ಚಿಕ್ಕಬೀರಮ್ಮನವರಿಗೆ ಓದು ಬರಹ ಬಾರದು. ನಾನು ಪಿಯುಸಿವರೆಗೂ ಓದಿದವಳು. ಆದರೂ ನನ್ನ ಮಗಳ ಔಷಧಿಯನ್ನು ಉಳಿಸಿಕೊಟ್ಟವರು ಅವರೇ. ಇದನ್ನು ನಮ್ಮೂರು ಹನಗೋಡಿನಲ್ಲಿ ಯಾರ ಎದುರಿಗೆ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ.

ಹರ್ಷಿತಾಳಿಗೆ ಈಗ ಆರು ವರ್ಷ. ಮೂರು ತುಂಬಿದಾಗಿನಿಂದ ಫಿಟ್ಸ್. ಯಾವ ಮಾತ್ರೆಗೂ ನಿಲ್ಲಲಿಲ್ಲ. ಊಟವಂತೂ ಸೇರುತ್ತಲೇ ಇರಲಿಲ್ಲ, ತಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದಳು. ಕೊನೆಗೆ ಮೈಸೂರಿನ ಡಾಕ್ಟರಮ್ಮ ಮಾತ್ರೆಯ ಜೊತೆಗೆ ಗಾಂಜಾ ಗಿಡದಿಂದ ತೆಗೆದ ಔಷಧಿ ಎಣ್ಣೆಯನ್ನೂ ಬರೆದುಕೊಟ್ಟರು. ಎಷ್ಟು ಸಲ ಫಿಟ್ಸ್ ಬಂತು, ಎಷ್ಟು ಸಲ ಸರಿಯಾಗಿ ಉಂಡಳು ಅಂತ ಮೂರು ತಿಂಗಳು ಬರೆದಿಡಿ, ಗುಣ ಕಾಣದಿದ್ದರೆ ಎಣ್ಣೆ ನಿಲ್ಲಿಸುತ್ತೇನೆ ಅಂದರು.

ಸುದ್ದಿ ಊರಿಗೆ ಹೇಗೆ ಹಬ್ಬಿತೋ. ಪಕ್ಕದ ಮನೆಯ ಪುಟ್ಟಮಲ್ಲಪ್ಪ ನಮ್ಮ ಜಗಲಿಗೇ ಬಂದು, ಕೂಸಿಗೆ ಗಾಂಜಾ ಕುಡಿಸುತ್ತೀರಂತೆ, ಪೊಲೀಸರು ಬಂದರೆ ಬೀದಿಯ ಮಾನ ಏನಾಗಬೇಕು ಅಂದ. ನಾನು ನಾಚಿ ಒಳಗೆ ಸೇರಿಕೊಂಡೆ. ಅತ್ತೆ ಕದಲಲಿಲ್ಲ.

"ನೀನು ಹೊಗೆಸೊಪ್ಪು ಬೆಳ್ದು ತಾರಸಿ ಮನೆ ಕಟ್ಟಿಸ್ಕಂಡಿದ್ದೀಯ. ಡಾಕ್ಟ್ರು ಬರ್ಕೊಟ್ಟಿದ್ದುನ್ನ ನಾನು ಮೊಮ್ಮಗೀಗೆ ಆಕುದ್ರೆ ಮಾನ ಓಯ್ತದಾ? ನಿನ್ ಕೆಲ್ಸ ನೋಡೋಗಪ್ಪ."

ಆತ ಪಂಚೆ ಎತ್ತಿ ಕಟ್ಟಿಕೊಂಡು ಜಗಲಿ ಇಳಿದ.

ಬರೆದಿಡುವ ಕೆಲಸ ನನ್ನದು. ಹುಣಸೂರಿನ ಗಾರ್ಮೆಂಟ್ಸಿಗೆ ಬೆಳಗ್ಗೆ ಹೋದರೆ ಬರುವುದು ಸಂಜೆ. ಹಗಲೆಲ್ಲ ಮಗು ಅತ್ತೆಯ ಬಳಿ, ಮಾತ್ರೆ, ಎಣ್ಣೆ ಕೊಡುವವರೂ ಅವರೇ. ಅರ್ಧ ಬರೆದೆ, ಅರ್ಧ ಮರೆತೆ. ಮೂರು ತಿಂಗಳಾದ ಮೇಲೆ ಅತ್ತೆ, ನಾನು, ಮಗು ಮೈಸೂರಿಗೆ ಹೋದಾಗ ಡಾಕ್ಟರಮ್ಮ ನನ್ನ ಪುಸ್ತಕ ತಿರುವಿ, ಇದರಲ್ಲಿ ಏನೂ ಗೊತ್ತಾಗುವುದಿಲ್ಲವಲ್ಲಮ್ಮ, ಎಣ್ಣೆ ಮುಂದುವರಿಸುವುದು ಹೇಗೆ ಅಂದರು. ನನಗೆ ಅಳು ಬಂತು.

ಆಗ ಅತ್ತೆ ಮಡಿಲಿನಿಂದ ಮೂರು ದಾರ ತೆಗೆದು ಮೇಜಿನ ಮೇಲಿಟ್ಟರು. ಹೊಗೆಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟುವ ದಾರ. ಮೂವತ್ತು ವರ್ಷ ಕೂಲಿಗೆ ಸೊಪ್ಪು ಕಟ್ಟಿದವರು ಅವರು. ದಿನಕ್ಕೆ ಎಷ್ಟು ಕಡ್ಡಿಯಾಯಿತು ಅನ್ನುವುದನ್ನು ಗಂಟು ಹಾಕಿಯೇ ನೆನಪಿಡುತ್ತಿದ್ದರು. ಇಲ್ಲಿ ತಿಂಗಳಿಗೊಂದು ದಾರ. ಫಿಟ್ಸ್ ಬಂದರೆ ಒಂದು ಗಂಟು, ತಟ್ಟೆ ಖಾಲಿ ಮಾಡಿದರೆ ಹಳೇ ಸೀರೆಯ ಒಂದು ಕೆಂಪು ಎಳೆ. ಮೊದಲ ದಾರದಲ್ಲಿ ಇಪ್ಪತ್ತಾರು ಗಂಟು, ಎಳೆ ನಾಲ್ಕೇ ನಾಲ್ಕು. ಮೂರನೆಯದರಲ್ಲಿ ಏಳೇ ಗಂಟು, ಉಳಿದದ್ದೆಲ್ಲ ಕೆಂಪೋ ಕೆಂಪು.

ನಡುವಿನ ದಾರದಲ್ಲಿ ಮಾತ್ರ ಒಂದೇ ಕಡೆ ಆರು ಗಂಟು ಒತ್ತೊತ್ತಾಗಿದ್ದವು. ಇಲ್ಲೇನಾಯಿತು ಅಂತ ಡಾಕ್ಟರಮ್ಮ ಕೇಳಿದರು.

"ಅದು ನನ್ ತಪ್ಪು ಕಣವ್ವಾ. ಎಣ್ಣೆ ಇಡೀತು, ಅದೇ ಸಾಕು ಅಂತ ಎರಡು ದಿನ ಮಾತ್ರೆ ಕೊಡ್ನಿಲ್ಲ. ಗಂಟು ಬಿಚ್ಚಾಕ್ಬೋದಾಗಿತ್ತು. ಬಿಚ್ಚುದ್ರೆ ನಿಮ್ಗೆಂಗೆ ಗೊತ್ತಾಯ್ತಿತ್ತು?"

ನನಗೂ ಅದು ಗೊತ್ತಾದದ್ದು ಆಗಲೇ. ನಾನಾಗಿದ್ದರೆ ಬಿಚ್ಚಿಬಿಡುತ್ತಿದ್ದೆ. ಮಾತ್ರೆಯನ್ನು ಹಾಗೆಲ್ಲ ನಿಲ್ಲಿಸಕೂಡದು ಅಂತ ಡಾಕ್ಟರಮ್ಮ ಗದರಿದರು. ಆಮೇಲೆ ದಾರಗಳ ಫೋಟೋ ತೆಗೆದುಕೊಂಡು, ಎಣ್ಣೆಯನ್ನು ಇನ್ನಾರು ತಿಂಗಳಿಗೆ ಬರೆದುಕೊಟ್ಟರು.

ಹೊರಗೆ ಬಂದು ಹೋಟೆಲಿನಲ್ಲಿ ಹರ್ಷಿತಾ ಎರಡು ಇಡ್ಲಿ ತಿಂದಳು, ಮೂರನೆಯದನ್ನು ಕೇಳಿ ಹಾಕಿಸಿಕೊಂಡಳು. ಅತ್ತೆ ಮಡಿಲು ತಡಕಿದರು. ಹಳೇ ಸೀರೆಯ ಎಳೆ ತಂದಿರಲಿಲ್ಲ. ಉಟ್ಟಿದ್ದ ಹೊಸ ಸೀರೆಯ ಸೆರಗಿನಿಂದಲೇ ಒಂದು ಎಳೆ ಕಿತ್ತರು. ನಾನು ದಾರ ಹಿಡಿದುಕೊಂಡೆ, ಅವರು ಕಟ್ಟಿದರು.