ಗೋಲ್‌ಕೀಪರ್ ಮತ್ತು ಬಾಮೈದ

ನಮ್ಮ ಉಪ್ಪಾರಹಳ್ಳಿ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್ ಪ್ರತಿ ಮ್ಯಾಚಿಗೂ ಮುಂಚೆ ಎರಡೂ ಗೋಲ್ ಕಂಬಗಳಿಗೆ ವಿಭೂತಿ ಬಳಿದು, ಉಳಿದದ್ದನ್ನು ತಮ್ಮ ಹಣೆಗೆ ಹಚ್ಚಿಕೊಳ್ಳುತ್ತಿದ್ದರು. ಆಮೇಲೆ ಡಿಫೆನ್ಸಿನಲ್ಲಿದ್ದ ನನ್ನ ಬೆನ್ನು ತಟ್ಟಿ, "ಟೆನ್ಷನ್ ಯಾಕ್ಲಾ? ನಾನಿದೀನಲ್ಲ" ಅನ್ನುತ್ತಿದ್ದರು. ನನಗೆ ಟೆನ್ಷನ್ ಆಗುತ್ತಿದ್ದುದೇ ಅದಕ್ಕೆ. ಈಗ ಬಿ.ಪಿ. ಮಾತ್ರೆ ನುಂಗುವಾಗಲೂ ಅವರೇ ನೆನಪಾಗುತ್ತಾರೆ.

ಒಂದು ಸಲ ಗುಬ್ಬಿ ಟೀಮಿನ ಮೇಲೆ ಫೈನಲ್. ಎರಡೂ ಕಡೆ ಗೋಲ್ ಸಮ ಇದ್ದಾಗ, ಆಟ ಮುಗಿಯುವ ಹೊತ್ತಿಗೆ ಗುಬ್ಬಿಯವರಿಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ಬಂದವನು ನಮ್ಮ ಗೋಲ್‌ಕೀಪರ್ ಹೆಂಡತಿಯ ಖಾಸಾ ತಮ್ಮ.

"ಭಾವ, ನಿಮ್ಮ ಎಡಗಡೆಗೇ ಹೊಡೀತೀನಿ. ನಿಮ್ಮ ಹತ್ರ ಸುಳ್ಳು ಹೇಳಲ್ಲ" ಅಂದ.

"ಮದ್ವೆ ಆದಾಗಿಂದ ನೋಡ್ತಾ ಇದೀನಿ, ನೀನ್ಯಾವತ್ತೋ ನಿಜ ಹೇಳಿರೋದು?" ಎಂದು ಗೊಣಗಿದ ಇವರು ಬಲಕ್ಕೆ ಹಾರಿದರು. ಚೆಂಡು ಎಡಕ್ಕೇ ಹೋಯಿತು.

ನಾವೆಲ್ಲ ತಲೆ ಮೇಲೆ ಕೈಹೊತ್ತು ಕೂತೆವು. ಅವರು ಮಾತ್ರ ಎದ್ದು, ಮಣ್ಣು ಕೊಡವಿಕೊಂಡು, ಬಾಮೈದನನ್ನು ತಬ್ಬಿಕೊಂಡರು. "ಪರ್ವಾಗಿಲ್ಲ ಕಣೋ, ಕೊನೆಗೂ ಮನುಷ್ಯ ಆದೆ!"

ಫೈನಲ್ ಕಪ್ ಗುಬ್ಬಿಯವರ ವ್ಯಾನ್ ಹತ್ತಿತು. ಮಾವನ ಮನೆ ಊಟಕ್ಕೆಂದು ನಮ್ಮ ಗೋಲ್‌ಕೀಪರೂ ಅದೇ ವ್ಯಾನ್ ಹತ್ತಿದರು. ವ್ಯಾನ್ ಹೊರಟಾಗ ಕಿಟಕಿಯಲ್ಲಿ ಕಂಡರು. ಕಪ್ಪನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು.