ಬಿಷಪ್ ಬಡಿದ ಬಾಗಿಲು

ಆಸ್ಟ್ರೇಲಿಯಾದ ಪರ್ತ್‌ನ ಕೆಥೆಡ್ರಲ್ ಚರ್ಚನ್ನು ತೋರಿಸುತ್ತಿದ್ದ ಅಜ್ಜಿಯೊಬ್ಬರು ಮರದ ಬಾಗಿಲಿನ ತಗ್ಗುಗಳ ಮೇಲೆ ಬೆರಳಿಟ್ಟರು. "ಹೊಸ ಆರ್ಚ್‌ಬಿಷಪ್‌ಗೂ ಮೊದಲ ದಿನ ಬಾಗಿಲು ಮುಚ್ಚಿಯೇ ಇರುತ್ತೆ. ಕೋಲಿನಿಂದ ಮೂರು ಸಲ ಬಡಿದು, ಒಳಗೆ ಬಿಡಿ ಅಂತ ಕೇಳಬೇಕು."

ಬೆಂಗಳೂರಿನಲ್ಲಿ, ಮಿಷನ್ ಸ್ಕೂಲಿನ ಮೇಷ್ಟ್ರಾಗಿದ್ದ ಅಪ್ಪನ ಹೆಗಲೇರಿ, ಬಿಷಪ್ ಒಬ್ಬರು ಹೀಗೆ ಬಡಿದದ್ದನ್ನು ನೋಡಿದ ನೆನಪು ನನಗಿದೆ. ತೀರಿಹೋದ ಅಪ್ಪನ ನೆನಪೆಂದು ಉಳಿದಿರುವುದು ಅದೊಂದೇ. ಅದೂ ಕಲ್ಪನೆಯೇನೋ ಎಂಬ ಅನುಮಾನ.

ಅಲ್ಲಿಂದಲೇ ಅಡಿಲೇಡಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ನಿಜವಾಗ್ಲೂ ಬಡೀತಾರಂತೆ ಕಣೇ!"

"ಬಡೀತಾರೆ ಕಣೋ. ಆದ್ರೆ ಹೆಗಲ ಮೇಲಿದ್ದಿದ್ದು ನಾನು. ನಿಂಗೆ ಅವತ್ತು ಜ್ವರ. ಮನೆಗೆ ಬಂದು ನಿಂಗೆ ಹೇಳಿದ್ದೂ ನಾನೇ."

ವಾದಿಸಲಿಲ್ಲ. "ಅಪ್ಪನ ತಲೆಯ ಹರಳೆಣ್ಣೆ ವಾಸನೆನೂ ನೀನೇ ಹೇಳಿದ್ಯಾ?" ಎಂದೆ.

"ಎಣ್ಣೆನಾ? ಅದು ನಂಗೆ ನೆನಪಿಲ್ವಲ್ಲೋ."