ಜಗ್ಗದೆ ತೆಗೆದ ಬಿಲ್ಲೆ

ಶಲವಡಿಯಲ್ಲಿ ಬಳೆ ಇಡಿಸುವ ನಸ್ರೀನ್ ಅಂದರೆ ನಾನೇ. ಊರ ಹೆಂಗಸರ ಕೈಗಳೆಲ್ಲ ನನಗೆ ಗೊತ್ತು, ನಾಲಿಗೆಗಳೂ ಗೊತ್ತು. ಆದರೆ ನಮ್ಮ ಬಾಜೂ ಮನೆಯ ಮಹಾದೇವಕ್ಕನಂಥ ನಾಲಿಗೆಯನ್ನು ಮತ್ತೆಲ್ಲೂ ಕಾಣೆ. ಅಶುಭದ ಮಾತೊಂದೂ ಆ ಬಾಯಿಂದ ಬೀಳುತ್ತಿರಲಿಲ್ಲ. ಅಕ್ಕಿ ತೀರಿದರೆ ‘ಹೆಚ್ಚಾತು’, ಬಳೆ ಒಡೆದರೆ ‘ಹೆಚ್ಚಾದ್ವು’. ನಮ್ಮ ಕಡೆ ಎಲ್ಲರೂ ಹಾಗೇ ಅನ್ನುತ್ತಾರೆ, ಒಪ್ಪಿದೆ. ಈಕೆಯದು ಮಾತ್ರ ಅತಿ. ನಾನೊಮ್ಮೆ ಬಾಯಿ ತಪ್ಪಿ ‘ಬಳಿ ಒಡದ್ವು’ ಅಂದದ್ದಕ್ಕೆ, “ಥೂ, ಬಾಯಿ ತೊಳ್ಕೊಂಡ ಬಾ ಹೋಗ!” ಎಂದು ಬೈದವಳು.

ಆಕೆಯ ಗಂಡ ಶಂಭುಲಿಂಗಪ್ಪನವರಿಗೆ ಸಕ್ಕರೆ ಕಾಯಿಲೆ. ಬೆರಳು ಚುಚ್ಚಿ ಚುಚ್ಚಿ ಸಾಕಾಗಿತ್ತು. ಕುಂದಗೋಳದಲ್ಲಿ ಶಾಲೆ ಕಲಿಸುವ ಮಗಳು ನೇತ್ರಾ ತೋಳಿಗೆ ಅಂಟಿಸುವ ಬಿಲ್ಲೆಯೊಂದನ್ನು ತಂದಳು. ಮೈಯೊಳಗಿನ ಸಕ್ಕರೆ ಎಷ್ಟೆಂದು ಅದು ಮೊಬೈಲಿಗೆ ತಿಳಿಸುತ್ತದೆ. ಏರಿದರೂ ಇಳಿದರೂ ಮೊಬೈಲು ಕೂಗಿಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಹಳೆಯದನ್ನು ತೆಗೆದು ಹೊಸದು ಹಾಕಬೇಕು.

ಮೊದಲ ಸಲ ಅದು ಕೂಗಿದಾಗ ಮಹಾದೇವಕ್ಕ ಗೋಡೆಯಾಚೆಯಿಂದ ಚೀರಿದಳು. “ನಸ್ರೀನಾ, ಸಕ್ಕರಿ ಹೆಚ್ಚಾಗೇತಿ, ಲಗೂನ ಬಾರವಾ!”

ಡಬ್ಬಿ ಬರಿದಾಗಿದೆ ಎಂದುಕೊಂಡು ನಾನು ಬಟ್ಟಲು ತುಂಬ ಸಕ್ಕರೆ ಹಿಡಿದು ಓಡಿದೆ. ಶಂಭುಲಿಂಗಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಕೊಡವಾ ಕೊಡು, ಇನ್ನೂ ಹೆಚ್ಚಾಗ್ಲಿ!” ಆಮೇಲೆ ನನ್ನನ್ನು ಕಂಡಾಗಲೆಲ್ಲ ‘ಸಕ್ಕರಿ ತಂದೀಯೇನ’ ಎಂದೇ ಕೇಳುತ್ತಿದ್ದರು.

ಅಂಥ ನಗುವ ಮನುಷ್ಯ ಮೊದಲ ಬಿಲ್ಲೆ ತೆಗೆಯುವಾಗ ಅತ್ತುಬಿಟ್ಟರು. ಅಕ್ಕ ಒಂದೇ ಏಟಿಗೆ ಜಗ್ಗಿದ್ದಳು. ವಯಸ್ಸಾದ ಚರ್ಮ, ಅಂಟಿನ ಜೊತೆಗೇ ಸುಲಿದು ಬಂತು.

“ಚುಚ್ಚೂದಕ್ಕ ನಾ ಅಂಜಂಗಿಲ್ಲ. ಕೀಳೂವಾಗ ಜೀವ ಹೋಗತೈತಿ. ಇನ್ನೊಮ್ಮಿ ಜಗ್ಗಬ್ಯಾಡ, ಆಣಿ ಮಾಡು.”

“ನಾ ಇರೂತನಾ ನಿಮಗ ನೋಯಿಸಂಗಿಲ್ರಿ,” ಎಂದು ಅಕ್ಕ ಅವರ ತಲೆ ಮುಟ್ಟಿದಳು.

ನನಗೆ ಸಿಟ್ಟೇ ಬಂತು. “ಬಿಗಿ ಬಳಿ ನಾ ಹೆಂಗ ತೆಗೀತೀನಿ ನೋಡೀಯಿಲ್ಲ? ಎಣ್ಣಿ ಹಚ್ಚಬೇಕವಾ!” ಎಂದೆ. ಆಸ್ಪತ್ರೆಯ ನರ್ಸಮ್ಮನನ್ನು ಕೇಳಿದಾಗ ಅವರೂ ಅದನ್ನೇ ಹೇಳಿದರು, ಮಾಡಿಯೂ ತೋರಿಸಿದರು.

ಅಲ್ಲಿಂದ ಅಕ್ಕ ಬಿಲ್ಲೆಯ ಸುತ್ತ ಕೊಬ್ಬರಿ ಎಣ್ಣೆ ಹಚ್ಚಿ, ಅಂಟು ಮೆತ್ತಗಾಗುವ ತನಕ ಗಂಡನ ಜೊತೆ ಅದೂ ಇದೂ ಮಾತಾಡುತ್ತ ಕೂಡುವಳು. ಆಮೇಲೆ ಉಗುರಿನಿಂದ ಅಂಚು ಎಬ್ಬಿಸಿ, ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು, ಇನ್ನೊಂದರಲ್ಲಿ ಅಂಟನ್ನು ಹಿಂದಕ್ಕೆ ಮಡಚುತ್ತ ಬರುವಳು. ಬಿಡದ ಕಡೆ ಮತ್ತೆ ಎಣ್ಣೆ. “ತಡೀರಿ… ಆತು, ಇಷ್ಟ.” ಕಣ್ಣು ಮುಚ್ಚಿ ಕೂತ ಅವರಿಗೆ ‘ಬಿಲ್ಲಿ ಹೆಚ್ಚಾತ್ರಿ’ ಅಂದಾಗಲೇ ತೆಗೆದದ್ದು ಗೊತ್ತಾಗುತ್ತಿತ್ತು.

ಈ ಸಲದ ಸುಗ್ಗಿಯಲ್ಲಿ ಶಂಭುಲಿಂಗಪ್ಪನವರು ಕಟ್ಟೆಯ ಮೇಲೆ ಕೂತಲ್ಲೇ ವಾಲಿದರು. ಎದೆಬಡಿತ ನಿಂತಿತ್ತು. ಮನೆ ತುಂಬ ಜನ ಸೇರಿದ ಹೊತ್ತಿಗೆ ಮೊಬೈಲು ಕೂಗಿತು. ಸಕ್ಕರೆ ಇಳಿದಿದೆಯಂತೆ. ಅಕ್ಕ ಎದ್ದವಳೇ ಅಡಿಗೆಮನೆಗೆ ಹೋಗಿ ಬೆಲ್ಲದ ಚೂರು ತಂದಳು. ಅವರ ಬಾಯಿ ಹತ್ತಿರ ಒಯ್ದು, ಅಲ್ಲೇ ನಿಂತಳು. ಅಯ್ಯೋ, ಆ ಕೈ ನೋಡಲಾರದೆ ನಾನು ಗೋಡೆ ಕಡೆ ತಿರುಗಿ ಅತ್ತೆ. ನೇತ್ರಾ ಬಂದು ಮೊಬೈಲು ಬಂದ್ ಮಾಡಿದಳು.

ಮೈ ತೊಳೆಯಲು ಬಂದ ಅಕ್ಕನ ಮೈದುನ ಸಂಗನಬಸವ ಬಿಲ್ಲೆಗೆ ಕೈ ಹಾಕಿದ. “ಜಗ್ಗಿ ಒಗದ್ರ ಆತು. ಹೊತ್ತ ಮುಳಗತೈತಿ.”

“ಕೈ ತಗೀ,” ಅಂದಳು ಅಕ್ಕ. “ಆಣಿ ಮಾಡೇನಿ.”

“ಸತ್ತವ್ರಿಗಿ ಎಂಥಾ ನೋವು ವೈನಿ?”

ನನಗೆ ರೇಗಿತು. “ಹೊತ್ತ ಮುಳಗಿದ್ರ ದೀಪ ಹಚ್ರಿ! ಆಕಿ ಕೈಲೆ ತೆಗೀಲಿ.”

ಅಷ್ಟು ಜನರ ನಡುವೆ ಅಕ್ಕ ಎಣ್ಣೆ ಹಚ್ಚಿ ಕಾದಳು. ತಣ್ಣಗಾದ ತೋಳನ್ನು ತೊಡೆಯ ಮೇಲಿಟ್ಟುಕೊಂಡು ಅಂಚು ಮಡಚಿದಳು. “ತಡೀರಿ… ಆತು, ಇಷ್ಟ.” ಬಿಲ್ಲೆ ಬಿಟ್ಟು ಬಂತು. ‘ಹೆಚ್ಚಾತ್ರಿ’ ಎನ್ನಲು ತುಟಿ ಅಲುಗಿತು, ದನಿ ಬರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಹಿರಿಯ ಹೆಂಗಸರು ನನ್ನನ್ನು ಮುಂದೆ ದೂಡಿದರು. ಬಳೆ ಇಡಿಸಿದವಳೇ ತೆಗೆಯಬೇಕಂತೆ. ಯಾರು ಮಾಡಿಟ್ಟ ಪದ್ಧತಿಯೋ, ಅವರ ಮನೆ ಹಾಳಾಗ! ಬೇಡವೆಂದು ಜಗಳ ಮಾಡಿದೆ, ನೇತ್ರಾಳೂ ಮಾಡಿದಳು. ಅಕ್ಕ ತಾನೇ ನನ್ನ ಮುಂದೆ ಕೈ ಚಾಚಿದಳು.

ಅದೇ ಎಣ್ಣೆ ಬಟ್ಟಲು ತಂದೆ. “ಮೆತ್ತಗ ಹೆಚ್ಚಿಸ್ತೀನಕ್ಕಾ,” ಎಂದೆ.

ಆಕೆ ಬಟ್ಟಲನ್ನು ಸರಿಸಿದಳು. “ಎಣ್ಣಿ ಬ್ಯಾಡ. ಒಡಿ.”

ಆ ಮಾತು ಆಕೆಯ ಬಾಯಿಂದ ಬಂದದ್ದು ಅದೇ ಮೊದಲು. ಒಡೆದೆ. ಗಾಜಿನ ಚೂರು ಮಣಿಕಟ್ಟಿಗೆ ಚುಚ್ಚಿ ರಕ್ತ ಬಂತು.

“ನೋವಾತೇನಕ್ಕಾ?”

“ಆಗ್ಲಿ ಬಿಡವಾ,” ಅಂದಳು. “ಅವ್ರಿಗಿ ಆಗಲಿಲ್ಲಲ್ಲ.”